ಹನ್ನೊಂದರಲ್ಲಿ ಒಂದು

ಕೊಲ್ಚಾನಿಯ ಶಾಲೆಯ ಕಿಟಕಿ ತೆರೆದರೆ
ಉಪ್ಪು, ಬರೀ ಉಪ್ಪು,
ಬೊಲಿವಿಯಾದ ಆಕಾಶ ಇಳಿದು ನೆಲಕ್ಕೆ ತಾಗುವವರೆಗೂ.
ಸೆನೋವಿಯಾ ಟೀಚರು ಕಿಟಕಿ ಮುಚ್ಚಿ, ಅಂಗೈ ಉಜ್ಜಿಕೊಂಡು,
ಕೋಟಿನ ಜೇಬಿನಿಂದ ತೆಗೆದರು ಒಂದು ಸೀಸೆ:
ಸೀಮೆಎಣ್ಣೆಯಲ್ಲಿ ಮುಳುಗಿ ಕೂತ ಸೋಡಿಯಂ,
ಕಡಲೆಕಾಳಿನಷ್ಟು.
ಪೊಟೊಸಿಯಿಂದ ಬಸ್ಸಿನಲ್ಲಿ
ಮೊಟ್ಟೆಯ ಹಾಗೆ ಮಡಿಲಲ್ಲಿಟ್ಟು ತಂದದ್ದು.

"ದೂರ ನಿಲ್ಲಿ."
ಚೂರಿ ಇಟ್ಟರೆ ಬೆಣ್ಣೆ. ಒಳಗೆ ಬೆಳ್ಳಿ,
ನೋಡನೋಡುತ್ತ ಮಂಕು.
ಒಂದು ಚೂರನ್ನು ಬೋಗುಣಿಯ ನೀರಿಗೆ ಬಿಟ್ಟದ್ದೇ ತಡ
ಸುಯ್ಯೆಂದು ಗೋಲಿಯಾಗಿ ಓಡಿತು, ಅಂಚಿಗೆ ಬಡಿಯಿತು,
ಹಳದಿ ಕಾರಿ
ಇಲ್ಲವಾಯಿತು.

"ಇಲ್ಲವಾಗಲಿಲ್ಲ. ನೀರಲ್ಲೇ ಇದ್ದಾನೆ.
ಈಗ ಸುಮ್ಮನಾಗಿದ್ದಾನೆ."
ಆಮೇಲೆ ಚೀಲದಿಂದ ಒಂದೊಂದು ಹರಳು ಉಪ್ಪು ಹಂಚಿದರು.
"ಇದರೊಳಗೂ ಅವನೇ. ನಾಲಿಗೆಗಿಡಿ."

"ಅವನೇ ಆದರೆ ಬಾಯಿ ಯಾಕೆ ಸುಡುವುದಿಲ್ಲ?"
ಕೇಳಿದ್ದು ಎಫ್ರಾಯಿನ್ ಲುಪಾ, ಕೊನೆಯ ಬೆಂಚು,
ಚಳಿಗೆ ತುಟಿಯೊಡೆದ ಹುಡುಗ.

ಹಲಗೆಯ ನಡುವೆ ಹನ್ನೊಂದು ಪ್ರೋಟಾನು.
ಸುತ್ತ ಹನ್ನೊಂದು ಎಲೆಕ್ಟ್ರಾನು: ಎರಡು, ಎಂಟು,
ಹೊರಜಗಲಿಯಲ್ಲಿ ಒಂಟಿಯಾಗಿ ಒಂದು.
ಕೂಡಿ ಕಳೆದರೆ ಸೊನ್ನೆ. ಇದು ಪರಮಾಣು.
ಲೆಕ್ಕ ಸರಿಯಿದ್ದೂ ನೆಮ್ಮದಿಯಿಲ್ಲದ್ದು.
ಆ ಒಂದನ್ನು ಕಿರುಬೆರಳಲ್ಲಿ ಒರೆಸಿದರು.
"ಇದು ಅಯಾನು. ಹೆಸರು ಅದೇ,
ನಡುವಿನ ಹನ್ನೊಂದು ಕದಲಲಿಲ್ಲ.
ಹೋದದ್ದು ಒಂದೇ."
"ಒಂದೇ?"
"ಒಂದೇ."

ನನ್ನ ನುಡಿಯಲ್ಲಿ ಇದನ್ನು ಹೇಳಹೊರಟರೆ
ಪದಗಳೇ ಕಣ್ಣು ಮಿಟುಕಿಸುತ್ತವೆ.
ಎಲೆಕ್ಟ್ರಾನಿನ ಪಾಲಿಗೆ ಬಂದದ್ದು ಋಣ.
ಋಣ ಕಳಚಿಕೊಂಡ ಸೋಡಿಯಂ, ಮೈ ಕುಗ್ಗಿ, ಧನ.
ಅದನ್ನು ಹೊತ್ತ ಕ್ಲೋರಿನ್, ಮೈ ಉಬ್ಬಿ, ಋಣಿ.
ಧನಿಯೂ ಋಣಿಯೂ ಒಬ್ಬರನ್ನೊಬ್ಬರು ಬಿಡಲಾರದೆ
ಸಾಲುಗಟ್ಟಿ ನಿಂತದ್ದು ಹರಳು.
ಉಪ್ಪಿನ ಋಣ ಅಂದವರಿಗೆ ಇದು ಗೊತ್ತಿರಲಿಲ್ಲ;
ಬಾಯಿಗೆ ಮಾತ್ರ ಹೇಗೋ ಗೊತ್ತಿತ್ತು.
ಇರಲಿ. ಸೆನೋವಿಯಾ ಅವರಿಗೆ ಈ ಶ್ಲೇಷೆಯ ಸೌಲಭ್ಯವಿಲ್ಲ.
ಅವರ ಸ್ಪ್ಯಾನಿಷ್‌ನಲ್ಲಿ ಬರೀ ಹೆಚ್ಚು, ಬರೀ ಕಡಿಮೆ.

ಪರೀಕ್ಷೆಯಲ್ಲಿ ಎಫ್ರಾಯಿನ್ ಬರೆದ:
ಅಯಾನು ಅಂದರೆ ಏನೋ ಕಳೆದುಕೊಂಡ ಪರಮಾಣು.
ಅರ್ಧ ಅಂಕ. ಪಕ್ಕದಲ್ಲಿ ಕೆಂಪು ಶಾಯಿ:
ಪಡೆದದ್ದೂ ಅಯಾನೇ.

ಅವನ ಅಪ್ಪ ಗಡಿ ದಾಟಿ ಕಲಾಮಾದ ತಾಮ್ರದ ಗಣಿಗೆ ಹೋಗಿ
ಮೂರು ಚಳಿಗಾಲ.
ಮನೆಯಲ್ಲಿ ಐದರಲ್ಲಿ ಒಂದು ಕಡಿಮೆ.
ಇದನ್ನು ಹೋಲಿಕೆ ಮಾಡಬಾರದು.
ಒಂದು ಹೋದಮೇಲೆ ಸೋಡಿಯಂ ನಿರಾಳವಾಯಿತು;
ಈ ಮನೆ ಆಗಲಿಲ್ಲ.

ಸಂಜೆ ಅಮ್ಮ ಉಪ್ಪಿನ ಪೊಟ್ಟಣಗಳ ಬಾಯಿ ಕಟ್ಟುತ್ತಾಳೆ,
ಪ್ಲಾಸ್ಟಿಕ್ಕಿನ ಅಂಚನ್ನು ಗ್ಯಾಸಿನ ನೀಲಿ ಉರಿಗೆ ಹಿಡಿದು,
ಸುಟ್ಟು ಸುಟ್ಟು ರೇಖೆಯಳಿದ ಬೆರಳಲ್ಲಿ ಒತ್ತಿ.
ಕಿಲೋ ಕಿಲೋ ಅಳೆದು ತುಂಬುವವನು ಅವನು.
ಧೂಳು ಉದುರಿದಾಗೆಲ್ಲ ಉರಿ ಫಕ್ಕನೆ ಹಳದಿ.
ತೊಟ್ಟಿಲಿಂದ ಕಂಡದ್ದು. ಈ ಸಲ ಕೈ ನಿಂತಿತು.

ಮರುದಿನ ಕೇಳಿದ.
ಟೀಚರು ಸೀಮೆಸುಣ್ಣ ಕೆಳಗಿಟ್ಟು ಅವನನ್ನೇ ನೋಡಿದರು.
"ಉರಿಯೊಳಗೆ, ಗಳಿಗೆಯ ಮಟ್ಟಿಗೆ,
ಅದಕ್ಕೊಂದು ಎಲೆಕ್ಟ್ರಾನು ಸಿಗುತ್ತದೆ.
ಯಾರದ್ದೋ. ತನ್ನದೇ ಆಗಬೇಕಿಲ್ಲ.
ಆಗ ಅದು ಮತ್ತೆ ಪರಮಾಣು.
ಆ ಹಳದಿ ಪರಮಾಣುವಿನದ್ದು."

ಆ ರಾತ್ರಿ ಬೇಕೆಂದೇ ಒಂದು ಚಿಟಿಕೆ ಎಸೆದ.
"ಗ್ಯಾಸು ಪುಕ್ಕಟೆ ಬರತ್ತಾ? ತುಂಬು, ತುಂಬು,"
ಅಂದಳು ಅಮ್ಮ,
ಅರ್ಧ ಮುಖ ಹಳದಿಯಾಗಿ.